ಜೇಬಿಲ್ಲದ ಸಮವಸ್ತ್ರ

ಜೂನ್ ೨೦

ಮಾನ್ಯ ಮುಖ್ಯೋಪಾಧ್ಯಾಯಿನಿಯವರಿಗೆ,

ನಿನ್ನೆ ಶಾಲೆಯ ಗೇಟಿನ ಹತ್ತಿರ ನಾನು ಬಾಯಿ ತೆರೆಯುವ ಮೊದಲೇ ತಾವು "ಶಾಲೆ ವಿಷಯ ಇಲ್ಲೂ ಬೇಡ, ಮನೇಲೂ ಬೇಡ. ಏನಿದ್ರೂ ಬರೆದು ಕೊಡು" ಎಂದು ಹೇಳಿ ಒಳಗೆ ಹೋದಿರಿ. ಬರೆದು ಕೊಡುತ್ತಿದ್ದೇನೆ. ಹೊಲಿಗೆ ಮಿಷನ್ನಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿರುವುದರಿಂದ ಅಕ್ಷರ ಸೊಟ್ಟಗಿದ್ದರೆ ಕೆಂಪು ಶಾಯಿಯಲ್ಲಿ ತಿದ್ದಬೇಡಿ. ಒಡಹುಟ್ಟಿದ ಅಕ್ಕನಿಗೆ 'ಮಾನ್ಯ' ಎಂದು ಬರೆಯುವ ಭಾಗ್ಯ ಎಷ್ಟು ಜನ ತಂಗಿಯರಿಗೆ ಸಿಗುತ್ತದೆ ಹೇಳಿ.

ಮೊನ್ನೆ ಮಂಗಳವಾರ ಆರನೇ ತರಗತಿಗೆ ಆಟದ ಪೀರಿಯಡ್ ಇತ್ತು. ನನ್ನ ಮಗಳು, ಮನೆಯಲ್ಲಿ ನಾವೆಲ್ಲ ಮಿಡತೆ ಎಂದು ಕರೆಯುವವಳು, ಓಡಿದಳು. ಓಡಬಾರದು ಎಂದು ಡಾಕ್ಟರು ಹೇಳಿಲ್ಲ. ಉಬ್ಬಸ ಇರುವವರೂ ಓಡಬಹುದು, ಬಾಯಿಗಿಟ್ಟು ಎಳೆದುಕೊಳ್ಳುವ ಔಷಧದ ಪಂಪು ಕೈಗೆಟಕುವ ಹಾಗಿರಲಿ ಎಂದಷ್ಟೇ ಹೇಳಿದ್ದಾರೆ. ಎರಡನೇ ಸುತ್ತಿಗೆ ಅವಳಿಗೆ ದಮ್ಮು ಕಟ್ಟಿತು. ಪಂಪು ಎಲ್ಲಿತ್ತು? ತಮ್ಮ ಕಚೇರಿಯ ಗಾಜಿನ ಕಪಾಟಿನಲ್ಲಿ. ಬೀಗದ ಕೈ ಎಲ್ಲಿತ್ತು? ಗುಮಾಸ್ತರ ಸೊಂಟದಲ್ಲಿ. ಗುಮಾಸ್ತರು ಎಲ್ಲಿದ್ದರು? ಬ್ಯಾಂಕಿನಲ್ಲಿ.

ಅವರು ಬರುವ ತನಕ ನನ್ನ ಮಗಳು ಮೆಟ್ಟಿಲ ಮೇಲೆ ಕೂತು ಗಾಳಿಗೆ ಬಾಯಿ ಬಾಯಿ ಬಿಟ್ಟಳು. ಆಟದ ಮೇಷ್ಟ್ರು ಪಕ್ಕದಲ್ಲಿ ಕೂತು, "ಮೂಗಲ್ಲಿ ಎಳ್ಕೋ, ತುಟಿ ಚೂಪು ಮಾಡಿ ನಿಧಾನಕ್ಕೆ ಬಿಡು, ಹೆದರಬೇಡ, ಕೂತ್ರೆ ಸ್ವಲ್ಪ ಇಳಿಯುತ್ತೆ" ಎಂದು ಪಾಠ ಮಾಡುತ್ತಿದ್ದರಂತೆ. ಎಷ್ಟು ಒಳ್ಳೆಯವರು! ಮುಳುಗುತ್ತಿರುವವಳಿಗೆ ದಡದಲ್ಲಿ ನಿಂತು ಈಜು ಕಲಿಸುವವರು.

ನನ್ನ ಕೋರಿಕೆ ಒಂದೇ. ಅವಳ ಪಂಪು ಅವಳ ಹತ್ತಿರವೇ ಇರಲಿ. ಯಾವಾಗ ತೆಗೆಯಬೇಕು, ಎಷ್ಟು ಸಲ ಒತ್ತಬೇಕು ಎಂದು ಅವಳಿಗೆ ಗೊತ್ತು. ಡಾಕ್ಟರ ಚೀಟಿ ಜೊತೆಗಿದೆ. ಈ ಕಾಗದವನ್ನು ಅವಳೇ ಚೀಲದಲ್ಲಿ ಇಟ್ಟುಕೊಂಡು ಬರುತ್ತಾಳೆ. ಅಮ್ಮನ ಸಿಟ್ಟು ಹೊತ್ತು ತರಬಹುದಂತೆ, ತನ್ನ ಉಸಿರು ಹೊತ್ತು ತರಬಾರದಂತೆ.

ಇಂತಿ,
ವಿದ್ಯಾರ್ಥಿನಿಯ ತಾಯಿ,
ತಮ್ಮ ಶಾಲೆಯ ಸಮವಸ್ತ್ರ ಹೊಲಿಯುವವಳು


ಜೂನ್ ೨೪

ಪೋಷಕರಿಗೆ,

ತಮ್ಮ ಪತ್ರ ತಲುಪಿದೆ. ಮಂಗಳವಾರ ನಡೆದದ್ದಕ್ಕೆ ಶಾಲೆ ವಿಷಾದಿಸುತ್ತದೆ. ಇನ್ನು ಮುಂದೆ ಬೀಗದ ಕೈ ಎರಡು ಇರುತ್ತವೆ. ಒಂದು ಗುಮಾಸ್ತರ ಬಳಿ, ಇನ್ನೊಂದು ನನ್ನ ಬಳಿ.

ಆದರೆ ವಿದ್ಯಾರ್ಥಿಗಳು ಯಾವುದೇ ಔಷಧವನ್ನು ತಮ್ಮ ಬಳಿ ಇಟ್ಟುಕೊಳ್ಳುವಂತಿಲ್ಲ. ಹಿಂದೊಮ್ಮೆ ಒಬ್ಬ ಹುಡುಗ ಮನೆಯಿಂದ ತಂದ ಮಾತ್ರೆಗಳನ್ನು ಪೆಪ್ಪರಮಿಂಟ್ ಎಂದು ಹಂಚಿ ಮೂವರನ್ನು ಆಸ್ಪತ್ರೆಗೆ ಸೇರಿಸಿದ್ದು ತಮಗೆ ತಿಳಿದೇ ಇದೆ. ಆ ರಾತ್ರಿ ಆ ಮಕ್ಕಳ ತಾಯಂದಿರ ಎದುರು ನಿಂತವಳು ನಾನು. ಅಂದಿನಿಂದ ನಿಯಮ ಎಲ್ಲರಿಗೂ ಒಂದೇ.

ಇನ್ನೊಂದು ಮಾತು. ಮುಖ್ಯೋಪಾಧ್ಯಾಯಿನಿಯ ತಂಗಿಯ ಮಗಳು ಎಂಬ ಕಾರಣಕ್ಕೆ ಈ ಹುಡುಗಿಗೆ ನಿಯಮ ಸಡಿಲಿಸಿದರೆ ನಾಳೆ ಯಾರ ಮುಂದೆ ನಾನು ತಲೆ ಎತ್ತಲಿ? ಬೇರೆ ಮಗುವಾಗಿದ್ದರೆ ಒಂದು ಕ್ಷಣ ಯೋಚಿಸುತ್ತಿದ್ದೆನೋ ಏನೋ. ಇವಳ ವಿಷಯದಲ್ಲಿ ಯೋಚಿಸುವಂತೆಯೂ ಇಲ್ಲ.

ಇಂತಿ,
ಮುಖ್ಯೋಪಾಧ್ಯಾಯಿನಿ

ಭಾನುವಾರ ಊಟಕ್ಕೆ ಬನ್ನಿ ಇಬ್ಬರೂ. ಅದು ಬೇರೆ, ಇದು ಬೇರೆ.


ಜೂನ್ ೨೫

ಅಕ್ಕ,

ಊಟಕ್ಕೆ ಬರುವುದಿಲ್ಲ. ಅದು ಬೇರೆ, ಇದು ಬೇರೆ ಎಂದು ಪಾಲು ಮಾಡಿ ಇಡಲು ನನ್ನ ಹತ್ತಿರ ಎರಡು ಹೊಟ್ಟೆ ಇಲ್ಲ.

'ಬೇರೆ ಮಗುವಾಗಿದ್ದರೆ ಯೋಚಿಸುತ್ತಿದ್ದೆ.' ಇದನ್ನು ಬರೆದು ಕೆಳಗೆ ಸಹಿ ಬೇರೆ ಹಾಕಿದ್ದೀಯ. ನನ್ನ ಮಗಳು ನಿನಗೆ ಏನೂ ಆಗದಿದ್ದರೆ ಬದುಕಿಕೊಳ್ಳುತ್ತಿದ್ದಳು ಎಂದಾಯಿತು. ಜನ ಸಂಬಂಧಿಕರಿಗೆ ಬೆಣ್ಣೆ ಹಚ್ಚಿ ಕೆಡುತ್ತಾರೆ. ನೀನು ಸಂಬಂಧಿಕರಿಗೆ ಸುಣ್ಣ ಹಚ್ಚಿ ಒಳ್ಳೆಯವಳಾಗಲು ಹೊರಟಿದ್ದೀಯ. ಹೆಸರು ಉಳಿಯುವುದು ನಿನ್ನದು, ಉರಿ ತಿನ್ನುವುದು ನನ್ನ ಮಗು.

ಮಾತ್ರೆ ಹಂಚಿದ ಹುಡುಗನ ಕಥೆ ನನಗೆ ಹೇಳಬೇಡ. ಮಿಡತೆ ಪಂಪನ್ನು ಪೆಪ್ಪರಮಿಂಟ್ ಎಂದು ಯಾರಿಗೆ ಹಂಚುತ್ತಾಳೆ? ಒಬ್ಬ ಮಾಡಿದ ತಪ್ಪಿಗೆ ಎಲ್ಲರ ಬಾಯಿಗೂ ಬಟ್ಟೆ ತುರುಕುವುದಕ್ಕೆ ನಿಯಮ ಎನ್ನುವುದಿಲ್ಲ, ಹೆದರಿಕೆ ಎನ್ನುತ್ತಾರೆ.

ನಿನ್ನ ಶಾಲೆಯ ಬುದ್ಧಿಯೇ ಹಾಗೆ. ಒಬ್ಬ ಹುಡುಗ ಜೇಬಿನಲ್ಲಿ ಫೋನ್ ತಂದ ಎಂದು ಶಾಲೆಗೆ ಶಾಲೆಯ ಜೇಬನ್ನೇ ತೆಗೆಸಿದೆ. "ಫ್ರಾಕಿಗೂ ಬೇಡ, ಚಡ್ಡಿಗೂ ಬೇಡ, ಅಂಗಿಗೂ ಬೇಡ. ಜೇಬಿದ್ರೆ ಕೈ ಅಲ್ಲೇ ಹೋಗುತ್ತೆ" ಎಂದು ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು ನೀನೇ ಹೇಳಿದ್ದು. ಕರವಸ್ತ್ರ ಎಲ್ಲಿಡುತ್ತಾರೆ ಎಂದು ನಾನು ಕೇಳಿದ್ದಕ್ಕೆ, "ಪಿನ್ ಹಾಕ್ಕೊಳ್ಳಲಿ" ಎಂದೆ. ಮಕ್ಕಳು ಈಗ ಎಲ್ಲವನ್ನೂ ಕೈಯಲ್ಲಿ ಹಿಡಿದುಕೊಂಡು ತಿರುಗುತ್ತವೆ, ಕೈದಿಗಳ ಹಾಗೆ.

ಕಪಾಟಿಗೆ ಉಬ್ಬಸ ಇಲ್ಲ, ಅಕ್ಕ. ಉಬ್ಬಸ ಇರುವವಳ ಹತ್ತಿರ ಪಂಪು ಇರಬೇಕು. ಇದನ್ನು ಅರ್ಥ ಮಾಡಿಕೊಳ್ಳಲು ಬಿ.ಎಡ್. ಬೇಕಾಗಿಲ್ಲ.

ನಿನ್ನ ತಂಗಿ


ಜುಲೈ ೧೬

ತಂಗಿ,

ನಿನ್ನ ಕಾಗದ ಮೇಜಿನ ಡ್ರಾಯರಿನಲ್ಲಿ ಮೂರು ವಾರ ಬಿದ್ದಿತ್ತು. ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಇದನ್ನು ಶಾಲೆಯ ಕಾಗದದ ಮೇಲೆ ಬರೆಯುತ್ತಿಲ್ಲ, ಗಮನಿಸು.

ನನಗೆ ಹೆದರಿಕೆ ಎಂದೆಯಲ್ಲ. ಹೌದು, ಹೆದರಿಕೆಯೇ. ಏತಕ್ಕೆಂದು ನಿನಗೆ ಗೊತ್ತಿಲ್ಲವೇ?

ಅಮ್ಮ ಜೀವಮಾನವಿಡೀ ಪಂಪನ್ನು ರವಿಕೆಯೊಳಗೆ ಬಚ್ಚಿಟ್ಟುಕೊಂಡು ತಿರುಗಿದಳು. ನೆಂಟರ ಮನೆಗೆ ಹೋದರೆ ಬಾಗಿಲ ಹಿಂದೆ ಹೋಗಿ ಎಳೆದುಕೊಳ್ಳುವಳು. ಯಾರೂ ಬಾರದಂತೆ ನಾನು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದೆ. ನೀನಾಗ ಕಂಕುಳಲ್ಲಿದ್ದ ಕೂಸು. ಕೊನೆಯ ದಿನವೂ ಪಂಪು ಅವಳ ಕೈಯಲ್ಲೇ ಇತ್ತು. ಒತ್ತಿದಳು, ಒತ್ತಿದಳು, ಒತ್ತುತ್ತಲೇ ಇದ್ದಳು. ಡಬ್ಬಿ ಖಾಲಿಯಾಗಿತ್ತು. ತನ್ನ ಹತ್ತಿರವೇ ಇದೆ ಎಂಬ ಧೈರ್ಯವೇ ಅವಳನ್ನು ಕೊಂದದ್ದು.

ನನ್ನ ಕಪಾಟಿನಲ್ಲಿ ಪ್ರತಿ ಪಂಪಿನ ಮೇಲೂ ಮಗುವಿನ ಹೆಸರಿದೆ. ಪ್ರತಿ ಸೋಮವಾರ ನಾನೇ ತೆಗೆದು ನೋಡುತ್ತೇನೆ. ಖಾಲಿಯಾಗುವ ಮೊದಲು ಮನೆಗೆ ತಿಳಿಸುತ್ತೇನೆ. ಮಕ್ಕಳ ಕೈಗೆ ಕೊಟ್ಟರೆ ಯಾರು ನೋಡುತ್ತಾರೆ? ಒಂದು ಬೀಳುತ್ತದೆ, ಒಂದು ಕಳೆಯುತ್ತದೆ, ಒಂದು ಖಾಲಿಯಾಗಿಯೇ ಚೀಲದ ತಳದಲ್ಲಿ ಬಿದ್ದಿರುತ್ತದೆ. ನಿನಗೆ ಬೀಗ ಕಾಣುತ್ತದೆ. ಬೀಗದ ಒಳಗೆ ನಾನಿಟ್ಟಿರುವ ಕಾಳಜಿ ಕಾಣುವುದಿಲ್ಲ.

ಮಿಡತೆ ಕಾರಿಡಾರಿನಲ್ಲಿ ನನ್ನನ್ನು ಕಂಡರೆ ಗೋಡೆ ನೋಡಿಕೊಂಡು ಹೋಗುತ್ತಾಳೆ. ಅದನ್ನು ನೀನು ಹೇಳಿಕೊಟ್ಟಿದ್ದರೆ ಬೇಡ.

ಅಕ್ಕ


ಜುಲೈ ೧೮

ಅಕ್ಕ,

ನಾನು ಹೇಳಿಕೊಟ್ಟಿಲ್ಲ. ಅವಳಿಗೂ ಸ್ವಂತ ಸಿಟ್ಟಿದೆ.

ಅಮ್ಮನನ್ನು ಕೊಂದದ್ದು ಖಾಲಿ ಡಬ್ಬಿ. ಪಂಪು ಅವಳ ಕೈಯಲ್ಲಿದ್ದದ್ದಲ್ಲ. ಬಾಗಿಲ ಹಿಂದೆ ನಿಲ್ಲಿಸಿ ನಿಲ್ಲಿಸಿ, ಅದು ಯಾರೂ ನೋಡಬಾರದ ವಸ್ತು ಎಂದು ಮನೆಮಂದಿಯೆಲ್ಲ ಸೇರಿ ಮಾಡಿದ್ದರಲ್ಲ, ಅದಕ್ಕೇ ಯಾರೂ ನೋಡಲಿಲ್ಲ. ಈಗ ನೀನು ಅದೇ ಬಾಗಿಲಿಗೆ ಗಾಜು ಹಾಕಿಸಿ ಬೀಗ ಜಡಿದಿದ್ದೀಯ. ಇನ್ನೂ ಅಡ್ಡ ನಿಂತೇ ಇದ್ದೀಯ.

ಮತ್ತೆ ಬರೆಯುವುದಿಲ್ಲ. ನನಗೆ ಮಾಡಲು ಕೆಲಸವಿದೆ. ಅವಳ ಹಳೇ ಫ್ರಾಕು ಗಿಡ್ಡವಾಗಿದೆ, ಹೊಸದು ಹೊಲಿಯಬೇಕು.

ತಂಗಿ


ಸೆಪ್ಟೆಂಬರ್ ೧೦, ಬೆಳಿಗ್ಗೆ

ಪೋಷಕರಿಗೆ,

ಈ ದಿನ ಗಣಿತ ಪರೀಕ್ಷೆಯ ವೇಳೆ ತಮ್ಮ ಮಗಳು ಪದೇ ಪದೇ ಗೋಡೆಯ ಕಡೆ ತಿರುಗುತ್ತಿದ್ದುದನ್ನು ಕಂಡ ಮೇಲ್ವಿಚಾರಕಿ ನಕಲು ಚೀಟಿ ಇರಬಹುದೆಂದು ಶಂಕಿಸಿ ಪರಿಶೀಲಿಸಿದ್ದಾರೆ. ಫ್ರಾಕಿನ ಎಡ ಪಕ್ಕದ ಹೊಲಿಗೆಯ ಒಳಗೆ, ಹೊರಗಿನಿಂದ ಕಾಣದಂತೆ ಹೊಲಿದ ಒಂದು ಜೇಬು ಮತ್ತು ಅದರಲ್ಲಿ ಇನ್‌ಹೇಲರ್ ಸಿಕ್ಕಿದೆ. ಇದು ಸಮವಸ್ತ್ರದ ನಿಯಮ, ಔಷಧದ ನಿಯಮ ಎರಡರ ಉಲ್ಲಂಘನೆ. ಅದಕ್ಕಿಂತ ಹೆಚ್ಚಾಗಿ, ಮಗುವಿಗೆ ಮೋಸ ಕಲಿಸಿದಂತೆ.

ವಸ್ತುವನ್ನು ವಶಪಡಿಸಿಕೊಂಡು, ಹೆಸರು ಅಂಟಿಸಿ ಕಪಾಟಿನಲ್ಲಿ ಇಡಲಾಗಿದೆ. ಉತ್ತರ ಪತ್ರಿಕೆಯನ್ನು ಹಿಂದಕ್ಕೆ ಪಡೆಯಲಾಗಿದೆ. ವಿದ್ಯಾರ್ಥಿನಿಯನ್ನು ಕಚೇರಿಯ ಬೆಂಚಿನ ಮೇಲೆ ಕೂರಿಸಿದ್ದೇವೆ. ಈ ಪತ್ರ ತರುವ ಜವಾನನ ಜೊತೆಯಲ್ಲೇ ತಾವು ಬಂದು ಅವಳನ್ನು ಕರೆದುಕೊಂಡು ಹೋಗತಕ್ಕದ್ದು.

ಇಂತಿ,
ಮುಖ್ಯೋಪಾಧ್ಯಾಯಿನಿ


ಸೆಪ್ಟೆಂಬರ್ ೧೨
ಆಸ್ಪತ್ರೆ, ಮಕ್ಕಳ ವಾರ್ಡು

ಮುಖ್ಯೋಪಾಧ್ಯಾಯಿನಿಯವರೇ,

ನಿಮ್ಮ ಕಾಗದ ಓದುತ್ತಾ ಓಡಿ ಬಂದೆ. 'ಕರೆದುಕೊಂಡು ಹೋಗತಕ್ಕದ್ದು.' ಕರೆದುಕೊಂಡು ಹೋದೆ. ನಡೆಸಿಕೊಂಡು ಅಲ್ಲ, ಸ್ಟ್ರೆಚರಿನ ಮೇಲೆ.

ಇವತ್ತು ಅವಳಿಗೆ ಮಾತಾಡಲು ಆಗುತ್ತಿದೆ. ಹೇಳಿದಳು. ನೀವು ಕೂರಿಸಿದ ಬೆಂಚು ಕಪಾಟಿನ ಎದುರಿಗೇ ಇದೆ. ನಕಲು ಮಾಡಿದವಳು ಎಂದು ಇಡೀ ತರಗತಿಯ ಮುಂದೆ ಅನ್ನಿಸಿಕೊಂಡು ಬಂದ ಹುಡುಗಿಗೆ ಅಳು ಬಂತು. ಅಳುವಿನ ಹಿಂದೆ ದಮ್ಮು ಬಂತು. ಎದುರಿಗೆ ಗಾಜಿನ ಒಳಗೆ ಅವಳ ಪಂಪು ಕಾಣುತ್ತಿತ್ತು. ಗುಮಾಸ್ತರು ಪ್ರಶ್ನೆಪತ್ರಿಕೆ ಕಟ್ಟು ಹೊತ್ತು ಯಾವುದೋ ಕೊಠಡಿಗೆ ಹೋಗಿದ್ದರು, ಸೊಂಟದಲ್ಲಿ ಬೀಗದ ಕೈಯೊಂದಿಗೆ. ಎರಡನೇ ಬೀಗದ ಕೈ ನಿಮ್ಮ ಕೈಚೀಲದಲ್ಲಿ, ಕೈಚೀಲ ಮಹಡಿಯ ಮೇಲೆ, ನೀವು ಆಡಳಿತ ಮಂಡಳಿಯವರ ಜೊತೆ. ನಿಮ್ಮ ಎರಡು ಬೀಗದ ಕೈಗಳ ಕಾಳಜಿ!

ಅವಳು ಗಾಜನ್ನು ಅಂಗೈಯಿಂದ ಬಡಿದಳಂತೆ. ಬಡಿಯುವಷ್ಟು ಬಲವೂ ಇರಲಿಲ್ಲವಂತೆ. ನೀರು ಕುಡಿಯಲು ಬಂದ ಯಾವುದೋ ಮಗು ನೋಡಿ ಕಿರುಚಿದ್ದಕ್ಕೆ ನೀವು ಇಳಿದು ಬಂದಿರಿ. ಬೀಗದ ಕೈ ಮೇಲೇ ಬಿಟ್ಟು ಬಂದಿದ್ದಿರಿ. ಆಮೇಲೆ ಗಾಜು ಒಡೆದಿರಿ, ಬರಿಗೈಯಲ್ಲಿ.

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನೀವು ಕೊಳ್ಳೆ ಹೋಗುವಾಗ ಬಾಗಿಲು ಒಡೆದಿರಿ. ವ್ಯತ್ಯಾಸ ಅಷ್ಟೇ.

ಮೋಸ ಕಲಿಸಿದೆ ಎಂದು ಬರೆದಿದ್ದೀರಿ. ಹೌದು, ಕಲಿಸಿದೆ. ಬದುಕಿರುವುದು ಹೇಗೆ ಎಂದು ಕಲಿಸಿದೆ. ಆ ಜೇಬನ್ನು ನಾನು ಕೈಯಲ್ಲಿ ಹೊಲಿದೆ, ಮಿಷನ್ನಿಗೂ ಗೊತ್ತಾಗದ ಹಾಗೆ. ಜುಲೈನಿಂದ ಇಲ್ಲಿಯ ತನಕ ಅವಳಿಗೆ ಒಂದು ದಿನವೂ ಕಚೇರಿಯ ಮೆಟ್ಟಿಲು ಹತ್ತುವ ಅಗತ್ಯ ಬೀಳಲಿಲ್ಲ. ನಿಮ್ಮ ಕಪಾಟು ಸುಖವಾಗಿತ್ತು, ನನ್ನ ಮಗಳೂ ಸುಖವಾಗಿದ್ದಳು. ಕೆಡಿಸಿದ್ದು ನಿಮ್ಮ ಶಿಸ್ತು.

ನಿನ್ನೆ ನೀವು ಕೈಗೆ ಬಟ್ಟೆ ಸುತ್ತಿಕೊಂಡು ವಾರ್ಡಿನ ಬಾಗಿಲಿಗೆ ಬಂದು ನಿಂತಿದ್ದಿರಿ. ನಾನು ಪರದೆ ಎಳೆದೆ. ಕೈಗೆ ಎಷ್ಟು ಹೊಲಿಗೆ ಹಾಕಿದರು ಎಂದು ನರ್ಸ್ ಹೇಳಲು ಬಂದಳು. ಕೇಳಿಸಿಕೊಳ್ಳಲಿಲ್ಲ. ಈಗಲೂ ಕೇಳುವುದಿಲ್ಲ, ಯಾವತ್ತೂ ಕೇಳುವುದಿಲ್ಲ.

ಅವಳ ತಾಯಿ


ಸೆಪ್ಟೆಂಬರ್ ೨೦

ದೊಡ್ಡಮ್ಮ,

ಮಿಸ್ ಅಂತ ಬರೆಯಬೇಕೋ ದೊಡ್ಡಮ್ಮ ಅಂತ ಬರೆಯಬೇಕೋ ಗೊತ್ತಾಗಲಿಲ್ಲ. ಇನ್ನು ಮೇಲೆ ನಿಮ್ಮನ್ನು ಏನಂತ ಕರೆಯಲಿ ಅಂತ ಅಮ್ಮನನ್ನು ಕೇಳಿದರೆ ಬೇರೆ ಏನೋ ಹೇಳಿದಳು. ಅದನ್ನು ಬರೆಯುವುದಿಲ್ಲ.

ಇದನ್ನು ಬರೆಯುತ್ತಿರುವುದು ಅಮ್ಮನಿಗೆ ಗೊತ್ತಿಲ್ಲ. ನನಗೆ ಎರಡು ವಿಷಯ ಹೇಳಬೇಕು. ಒಂದು, ನಾನು ನಕಲು ಮಾಡಲಿಲ್ಲ. ಪಂಪು ಎಳೆದುಕೊಳ್ಳುವಾಗ ಎಲ್ಲರೂ ನೋಡುತ್ತಾರೆ ಅಂತ ಗೋಡೆ ಕಡೆ ತಿರುಗಿದೆ. ಕೊನೇ ಲೆಕ್ಕ ನನಗೆ ಬರುತ್ತಿತ್ತು. ನನ್ನ ಪೇಪರ್ ವಾಪಸ್ ಕೊಡಿ.

ಎರಡು. ಬೆಂಚಿನ ಮೇಲೆ ಕೂತಾಗ ಪಂಪು ಕಾಣಿಸುತ್ತಿತ್ತು. ಅದರ ಮೇಲೆ ನೀವು ಅಂಟಿಸಿದ ಚೀಟಿಯಲ್ಲಿ ನನ್ನ ಹೆಸರೂ ಕಾಣಿಸುತ್ತಿತ್ತು. ನಿಮ್ಮ ಅಕ್ಷರ ತುಂಬ ಗುಂಡಗಿದೆ. ನನ್ನ ಹೆಸರು ಬರೆದಿದ್ದಾರೆ, ಅಂದರೆ ಅದು ನನ್ನದು ಅಂತ ಅವರಿಗೂ ಗೊತ್ತು, ಆದರೂ ಯಾಕೆ ಕೊಡುತ್ತಿಲ್ಲ ಅಂತ ಯೋಚಿಸುತ್ತಿದ್ದೆ. ಆಮೇಲೆ ಯೋಚನೆ ಮಾಡಲು ಆಗಲಿಲ್ಲ.

ಗಾಜು ಒಡೆದಾಗ ನೀವು ಒಂದು ಕೆಟ್ಟ ಮಾತು ಬೈದಿರಿ. ಯಾರಿಗೆ ಬೈದಿರಿ ಗೊತ್ತಿಲ್ಲ. ನಾನು ಯಾರಿಗೂ ಹೇಳಿಲ್ಲ.

ಮಿಡತೆ


ಸೆಪ್ಟೆಂಬರ್ ೨೫

ತಂಗಿ,

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅದಕ್ಕೇ ಚಿಕ್ಕದಾಗಿ ಬರೆಯುತ್ತೇನೆ.

ನಿನ್ನೆ ಆಡಳಿತ ಮಂಡಳಿಯ ಸಭೆ ಇತ್ತು. ಮಿಡತೆ ತನ್ನ ಪಂಪನ್ನು ತನ್ನ ಬಳಿ ಇಟ್ಟುಕೊಳ್ಳಬಹುದು ಎಂದು ವಿಶೇಷ ಅನುಮತಿ ಪಡೆದಿದ್ದೇನೆ. ಸುಲಭವಾಗಿ ಸಿಗಲಿಲ್ಲ. "ನಿಮ್ಮ ಮನೆ ಹುಡುಗಿ ಅಂತ ಮಾಡ್ತಿದ್ದೀರಿ" ಎಂದು ಮುಖಕ್ಕೇ ಹೇಳಿದರು. ಯಾವುದನ್ನು ಕೇಳಿಸಿಕೊಳ್ಳಬಾರದೆಂದು ಇಷ್ಟು ವರ್ಷ ಬಿಗಿ ಹಿಡಿದಿದ್ದೆನೋ ಅದನ್ನೇ ಕೇಳಿಸಿಕೊಂಡೆ. ಹೌದು, ಮನೆ ಹುಡುಗಿಯೇ ಎಂದೆ.

ಗಣಿತದ ಪತ್ರಿಕೆ ಅವಳಿಗೆ ಮತ್ತೆ ಕೊಡಿಸುತ್ತೇನೆ. ಕೊನೆಯ ಲೆಕ್ಕ ಸಮೇತ.

ಇನ್ನಾದರೂ ಅವಳನ್ನು ಶಾಲೆಗೆ ಕಳಿಸು.

ಅಕ್ಕ


ಸೆಪ್ಟೆಂಬರ್ ೨೭

ಅಕ್ಕ,

ಕಳಿಸುತ್ತೇನೆ. ಓದು ಬಿಡಿಸುವಷ್ಟು ದಡ್ಡಿಯಲ್ಲ ನಾನು. ಆದರೆ ನಿನ್ನ ವಿಶೇಷ ಅನುಮತಿಯನ್ನು ಮಡಿಸಿ ನಿನ್ನ ಹತ್ತಿರವೇ ಇಟ್ಟುಕೋ.

ಜೂನ್‌ನಲ್ಲಿ ನನ್ನ ಮಗಳಿಗೆ ಮಾತ್ರ ಕೇಳಿದ್ದೆ ನಿಜ. ಆಗ ನನಗೆ ಅವಳೊಬ್ಬಳೇ ಕಂಡದ್ದು. ವಾರ್ಡಿನ ಬೆಂಚಿನ ಮೇಲೆ ಕೂತಾಗ ಉಳಿದವರೂ ಕಂಡರು. ವರ್ಷಕ್ಕೊಮ್ಮೆ ನಿನ್ನ ಶಾಲೆಯ ಹಾಲಿನಲ್ಲಿ ಮಕ್ಕಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅಳತೆ ತೆಗೆಯುತ್ತೇನಲ್ಲ. ಎದೆಗೆ ಟೇಪು ಸುತ್ತಿ, "ಉಸಿರು ಎಳಿ, ಹಿಡ್ಕೋ, ಬಿಡು" ಎನ್ನುತ್ತೇನೆ. ತಲೆ ಬಗ್ಗಿಸಿದರೆ ನನ್ನ ಕಿವಿ ಅವರ ಎದೆಯ ಹತ್ತಿರವೇ ಇರುತ್ತದೆ. ಮಗಳ ಎದೆಯಲ್ಲಿ ದಿನಾ ಕೇಳುವ ಸಿಳ್ಳು ಬೇರೆ ಎದೆಗಳಲ್ಲೂ ಇದೆ. ಆರು ಮಕ್ಕಳಾದರೂ ಇರಬೇಕು. ಮೂರನೇ ತರಗತಿಯ ಹಲ್ಲುಬ್ಬಿ ಹುಡುಗ, ಎಂಟನೇ ತರಗತಿಯ ಎತ್ತರದವಳು, ಇನ್ನೂ ಯಾರು ಯಾರೋ.

ಅವರ ಅಪ್ಪ ಅಮ್ಮ ನಿನಗೆ ಕಾಗದ ಬರೆಯುವುದಿಲ್ಲ. ಬೈದು ಬರೆಯಲು ಅವರಿಗೆ ಹೆಡ್‌ಮಿಸ್ ಅಕ್ಕ ಆಗಬೇಕಲ್ಲ! ಮಿಡತೆಗಾಗಿ ನೀನು ಕೈ ಒಡೆದುಕೊಂಡೆ. ಆ ಹಲ್ಲುಬ್ಬಿಯ ದಿನ ಯಾರ ಕೈ ಒಡೆಯುತ್ತದೆ?

ಎಲ್ಲರಿಗೂ ಕೊಡು, ಇಲ್ಲವೇ ಯಾರಿಗೂ ಬೇಡ. ಯಾರಿಗೂ ಬೇಡ ಎಂದರೂ ನನ್ನ ಮಗಳು ತರುತ್ತಾಳೆ, ಮುಚ್ಚಿಟ್ಟುಕೊಂಡು ಅಲ್ಲ, ಕೊರಳಿಗೆ ದಾರ ಕಟ್ಟಿ ನೇತು ಹಾಕಿಕೊಂಡು. ತೆಗೆಯಲು ಬರುವವರು ಮೊದಲು ನನ್ನ ಅಂಗಡಿಗೆ ಬರಲಿ. ಕತ್ತರಿ ಸಾಣೆ ಹಿಡಿಸಿ ಇಟ್ಟಿದ್ದೇನೆ.

ನವೆಂಬರಿನ ಹೊಸ ಸಮವಸ್ತ್ರಕ್ಕೆ ಬಟ್ಟೆಯ ಥಾನು ಬಂದಿದೆ. ಹೊಲಿಯಲು ಶುರು ಮಾಡುತ್ತೇನೆ.

ತಂಗಿ


ನವೆಂಬರ್ ೪

ಲೇ,

ನಿನಗೆ ತಲೆಗಿಲೆ ಕೆಟ್ಟಿದೆಯೇನೇ?

ಇವತ್ತು ಬೆಳಿಗ್ಗೆ ಕಟ್ಟು ಬಿಚ್ಚಿ ಸಮವಸ್ತ್ರ ಹಂಚಿದೆವು. ಹತ್ತು ನಿಮಿಷದಲ್ಲಿ ಒಂದನೇ ತರಗತಿಯಿಂದ ಒಂದು ಕೂಸು ಓಡಿ ಬಂದು, "ಮಿಸ್, ನನ್ ಫ್ರಾಕಲ್ಲಿ ಒಂದು ಗುಟ್ಟಿದೆ" ಎಂದಿತು. ನೋಡಿದರೆ ಜೇಬು. ಎರಡನೇ ತರಗತಿಯಲ್ಲೂ ಜೇಬು. ಹುಡುಗರ ಅಂಗಿಯಲ್ಲೂ ಜೇಬು. ಇಡೀ ಶಾಲೆ ಎಡ ಪಕ್ಕೆಯೊಳಗೆ ಕೈ ಹಾಕಿಕೊಂಡು ನಗುತ್ತಾ ನಿಂತಿತ್ತು. ಪಾಠ ಮಾಡಲು ಯಾರಿಂದಲೂ ಆಗಲಿಲ್ಲ.

ಮಂಡಳಿಯವರು ಮಧ್ಯಾಹ್ನವೇ ಫೋನ್ ಮಾಡಿದರು. ಎಲ್ಲ ಜೇಬನ್ನೂ ಬಿಚ್ಚಿಸಿ, ಬಿಚ್ಚಲು ಅವಳು ಒಪ್ಪದಿದ್ದರೆ ಬೇರೆ ದರ್ಜಿಯನ್ನು ನೋಡಿ ಎಂದರು. ನಿನಗೆ ಈ ಕೆಲಸ ಬೇಡವಾಯಿತೇ? ನನ್ನನ್ನೂ ಕೂರಿಸಿಕೊಂಡೇ ಮುಳುಗಬೇಕು ಎಂದುಕೊಂಡಿದ್ದೀಯಾ? ಬಿಸಿ ತುಪ್ಪ ಬಾಯಿಗೆ ಹಾಕಿದ್ದೀಯ. ಉಗುಳುವಂತಿಲ್ಲ, ನುಂಗುವಂತಿಲ್ಲ.

ನಾಳೆಯೊಳಗೆ ಉತ್ತರ ಕಳಿಸು.

ಅಕ್ಕ


ನವೆಂಬರ್ ೫

ಅಕ್ಕ,

ಅಂತೂ 'ಪೋಷಕರಿಗೆ' ಹೋಗಿ 'ಲೇ' ಬಂತು. ಸಂತೋಷ.

ಬಿಚ್ಚಿಸು. ಯಾವ ದರ್ಜಿಯನ್ನು ಬೇಕಾದರೂ ಕರೆಸು. ಆದರೆ ಮೊದಲೇ ಹೇಳಿಬಿಡುತ್ತೇನೆ. ಅದು ಮೇಲೆ ಅಂಟಿಸಿದ ಜೇಬಲ್ಲ. ಪಕ್ಕದ ಪಟ್ಟಿಯನ್ನೂ ಜೇಬನ್ನೂ ಒಂದೇ ತುಂಡಿನಲ್ಲಿ ಕತ್ತರಿಸಿದ್ದೇನೆ. ಜೇಬು ಬಿಚ್ಚಿದರೆ ಪಕ್ಕೆ ಪೂರ್ತಿ ತೆರೆದುಕೊಳ್ಳುತ್ತದೆ. ಮಂಡಳಿಯವರಿಗೆ ಹೇಳು, ಮಕ್ಕಳು ಜೇಬಿರುವ ಬಟ್ಟೆ ಹಾಕಿಕೊಂಡು ಬರಬೇಕು, ಇಲ್ಲವೇ ಬಟ್ಟೆಯಿಲ್ಲದೆ ಬರಬೇಕು. ಯಾವುದು ಶಿಸ್ತು ಎಂದು ಅವರೇ ತೀರ್ಮಾನಿಸಲಿ.

ಕೆಲಸ ಹೋದರೆ ಹೋಗಲಿ. ಪರದೆ ಹೊಲಿಯುತ್ತೇನೆ, ದಿಂಬಿನ ಚೀಲ ಹೊಲಿಯುತ್ತೇನೆ. ಅದರಲ್ಲಿ ಯಾವ ಮಗುವಿನ ಎದೆಯೂ ಇರುವುದಿಲ್ಲ.

ಇನ್ನು ನಿನ್ನ ಭಯದ ಮಾತು. ಅದನ್ನು ನಾನು ಮರೆತಿಲ್ಲ. ಮಿಡತೆಯ ಪಂಪಿನ ಹಿಂದೆ ಒಂದು ಸಣ್ಣ ಕಿಂಡಿ ಇದೆ, ನೋಡಿದ್ದೀಯಾ? ಒತ್ತಿದಂತೆಲ್ಲ ಅದರಲ್ಲಿ ಅಂಕಿ ಇಳಿಯುತ್ತದೆ. ಇನ್ನೆಷ್ಟು ಉಳಿದಿದೆ ಎಂದು ಅದೇ ಹೇಳುತ್ತದೆ. ಅಮ್ಮನ ಪಂಪಿಗೆ ಅದಿರಲಿಲ್ಲ. ಸೋಮವಾರ ಕಪಾಟಿನ ಮುಂದೆ ನಿಂತು ನೋಡುವ ಬದಲು ಮಕ್ಕಳ ಮುಂದೆ ನಿಂತು ನೋಡು. ಅಂಕಿ ಇಲ್ಲದ ಪಂಪಾದರೆ ಹೊಸದು ತರಲು ಆ ಮನೆಗೆ ಮೊದಲೇ ಹೇಳು. ನೋಡುವ ಕೆಲಸ ನಿನ್ನದೇ ಇರಲಿ, ನಿನ್ನಷ್ಟು ಚೆನ್ನಾಗಿ ಯಾರೂ ನೋಡುವುದಿಲ್ಲ. ಬೀಗ ಮಾತ್ರ ಬೇಡ.

ತಂಗಿ


ನವೆಂಬರ್ ೧೮

ತಂಗಿ,

ಜೊತೆಯಲ್ಲಿರುವುದು ಇವತ್ತು ಎಲ್ಲ ಮನೆಗಳಿಗೂ ಹೋದ ಸುತ್ತೋಲೆ. ಮಿಡತೆ ತರುವ ಮೊದಲೇ ನೀನು ಓದಲಿ ಎಂದು ಕಳಿಸುತ್ತಿದ್ದೇನೆ: 'ಹೊಸ ಸಮವಸ್ತ್ರದ ಎಡ ಪಕ್ಕದಲ್ಲಿ ಒಳಜೇಬು ಇದೆ. ವೈದ್ಯರು ಬರೆದುಕೊಟ್ಟ ಇನ್‌ಹೇಲರ್ ಇರುವ ಮಕ್ಕಳು ಅದನ್ನು ಅಲ್ಲಿ ಇಟ್ಟುಕೊಂಡು, ಬೇಕಾದಾಗ ಯಾರ ಅಪ್ಪಣೆಗೂ ಕಾಯದೆ ಬಳಸತಕ್ಕದ್ದು. ಇನ್ನೊಂದು ಇನ್‌ಹೇಲರ್ ಕಚೇರಿಯಲ್ಲಿ ಬೀಗವಿಲ್ಲದ ಕಪಾಟಿನಲ್ಲಿ ಇರುತ್ತದೆ.'

ಮಂಡಳಿಯವರ ಜೊತೆ ಎರಡು ವಾರ ಜಗಳವಾಡಿದೆ. ಕೊನೆಗೆ, ಕಪಾಟಿಗೆ ನಾನು ಹೊಸ ಗಾಜು ಹಾಕಿಸುವುದಿಲ್ಲ, ಒಡೆದ ಚೌಕಟ್ಟು ಹಾಗೇ ಇರಲಿ, ಬಂದವರೆಲ್ಲ ಯಾಕೆ ಎಂದು ಕೇಳಲಿ, ಒಬ್ಬೊಬ್ಬರಿಗೂ ಹೇಳುತ್ತೇನೆ ಎಂದೆ. ಆಮೇಲೆ ಸುತ್ತೋಲೆಗೆ ಸಹಿ ಹಾಕಿದರು.

ನಿನಗೆ ಹೇಳಬೇಕಾದದ್ದು ಅದಲ್ಲ.

ಇವತ್ತು ಸೋಮವಾರ. ಬೆಳಿಗ್ಗೆ ಎಲ್ಲರೂ ಅಂಗಳದಲ್ಲಿ ಸಾಲು ನಿಂತಾಗ, "ಪಂಪು ಇರೋರು ಕೈ ಎತ್ತಿ, ಅಂಕಿ ನೋಡ್ತೀನಿ" ಎಂದೆ. ಮೊದಲು ಮಿಡತೆ ಎತ್ತಿದಳು. ಕತ್ತು ನೆಟ್ಟಗೆ ಮಾಡಿ, ನನ್ನ ಕಣ್ಣಲ್ಲಿ ಕಣ್ಣಿಟ್ಟು. ಆಮೇಲೆ ಹಲ್ಲುಬ್ಬಿ. ಆಮೇಲೆ ಒಂದೊಂದೇ. ನೀನು ಆರು ಎಂದಿದ್ದೆ. ಕಪಾಟಿನಲ್ಲಿ ಇದ್ದದ್ದು ನಾಲ್ಕು. ಎದ್ದ ಕೈಗಳು ಅದಕ್ಕಿಂತ ಬಹಳ ಜಾಸ್ತಿ ಇದ್ದವು. ಕಾಲುಚೀಲದಲ್ಲಿ, ಊಟದ ಡಬ್ಬಿಯ ತಳದಲ್ಲಿ, ಪೆನ್ಸಿಲ್ ಪೆಟ್ಟಿಗೆಯಲ್ಲಿ, ಜಡೆಯ ಗಂಟಿನಲ್ಲಿ ಕೂಡ, ಇಷ್ಟು ವರ್ಷ ನನ್ನ ಕಣ್ಣು ತಪ್ಪಿಸಿ ತರುತ್ತಿದ್ದರಂತೆ. ಎರಡು ಪೂರ್ತಿ ಖಾಲಿ ಇದ್ದವು. ಹೆದರಿ ಮುಚ್ಚಿಟ್ಟದ್ದಕ್ಕೆ ಯಾರೂ ನೋಡಿರಲಿಲ್ಲ. ಹೊಸದು ತರಲು ಆ ಎರಡು ಮನೆಗೂ ಆಗಲೇ ಗುಮಾಸ್ತರ ಕೈಯಲ್ಲಿ ಹೇಳಿ ಕಳಿಸಿದೆ.

ಕೊನೆಗೆ ಸಾಲಿನ ಹಿಂದಿನಿಂದ ಒಂದು ದೊಡ್ಡ ಕೈ ಎದ್ದಿತು. ಆಟದ ಮೇಷ್ಟ್ರದು.

"ಆಟದ ಮೇಷ್ಟ್ರಿಗೆ ಉಬ್ಬಸ ಅಂದ್ರೆ ಯಾರು ಕೆಲಸ ಕೊಡ್ತಾರೆ ಮೇಡಂ" ಎಂದರು. ಜೂನ್‌ನಲ್ಲಿ ಮಿಡತೆಯ ಪಕ್ಕ ಮೆಟ್ಟಿಲ ಮೇಲೆ ಕೂತಿದ್ದಾಗಲೂ ಪಂಪು ಅವರ ಪ್ಯಾಂಟಿನ ಜೇಬಿನಲ್ಲೇ ಇತ್ತಂತೆ. ತೆಗೆಯಲು ಧೈರ್ಯ ಬರಲಿಲ್ಲವಂತೆ. ಮಕ್ಕಳ ಮುಂದೆಯೇ ಅತ್ತರು.

ಅವರ ಪಂಪಿನ ಅಂಕಿಯನ್ನೂ ನೋಡಿದೆ. ಅವರ ಜೇಬಿಗೆ ಬೀಗ ಹಾಕಿದ್ದವಳು ನಾನೇ.

ಅಕ್ಕ


ನವೆಂಬರ್ ೧೯

ಅಕ್ಕ,

ಮಿಷನ್ನು ನಿಲ್ಲಿಸಿ ನಿನ್ನ ಕಾಗದವನ್ನು ಎರಡು ಸಲ ಓದಿದೆ. ಜೇಬಿನಲ್ಲಿ ಪಂಪು ಇಟ್ಟುಕೊಂಡು ನನ್ನ ಮಗಳಿಗೆ ಉಸಿರಾಟದ ಪಾಠ ಮಾಡಿದ ಆ ಮಹಾನುಭಾವರನ್ನು ನನ್ನ ಅಂಗಡಿಗೆ ಕಳಿಸು. ಮೊದಲು ಚೆನ್ನಾಗಿ ಉಗಿಯಬೇಕು. ಆಮೇಲೆ ಅಳತೆ ತೆಗೆದು, ಅಂಗಿಯ ಎದೆಯ ಮೇಲೆ ಎಲ್ಲರಿಗೂ ಕಾಣುವ ಹಾಗೆ ಒಂದು ಜೇಬು ಹೊಲಿದು ಕೊಡುತ್ತೇನೆ.

ಸಿಟ್ಟು ಇಳಿದಿಲ್ಲ. ಇಳಿದಿದೆ ಎಂದು ನೀನು ಅಂದುಕೊಳ್ಳಬೇಡ. ರಾತ್ರಿ ಅವಳ ಎದೆ ಸಿಳ್ಳು ಹಾಕಿದರೆ ಈಗಲೂ ಆ ಗಾಜಿನ ಕಪಾಟೇ ಕಣ್ಣ ಮುಂದೆ ಬರುತ್ತದೆ. ಇನ್ನೂ ಬಹಳ ದಿನ ಬರುತ್ತದೆ.

ಭಾನುವಾರ ನಾವು ಬರುವುದಿಲ್ಲ. ನೀನೇ ಬಾ. ಅನ್ನ ಕಲಸಲು ಆ ಕೈಯಲ್ಲಿ ಆಗುತ್ತದೋ ಇಲ್ಲವೋ, ಚಮಚ ಇಟ್ಟಿರುತ್ತೇನೆ.

ಎಷ್ಟು ಹೊಲಿಗೆ ಹಾಕಿದರು, ಅಕ್ಕ?

ತಂಗಿ